ಯಾವ ಪುಸ್ತಕ ಓದ್ಲಿಕತ್ತಿ?

ಆದಿತ್ಯನಗರ ಎಂದರೆ ಸೇಡಂ ತಾಲ್ಲೂಕಿನಲ್ಲಿ, ಮಳಖೇಡದ ಹತ್ತಿರ ಇರುವ ಸಿಮೆಂಟ್ ಕಾರ್ಖಾನೆಯ ಕಾಲೊನಿ. ಬೇರೆ ಬೇರೆ ರಾಜ್ಯದಿಂದ ಬಂದವರು ಇಲ್ಲಿ ಸಾಲಾಗಿ ಕ್ವಾರ್ಟರ್ಸ್‌ಗಳಲ್ಲಿದ್ದೇವೆ. ಬಾಜೂ ಮನೆಯವರು ರಾಜಸ್ಥಾನದವರು, ಎದುರಿನವರು ತೆಲಂಗಾಣದವರು. ಓಣಿಯಲ್ಲಿ ನಡೆಯುವುದು ಹಿಂದಿ. ಶಾಲೆಯ ಗೈಡು, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಸೇಡಂನಲ್ಲಿ ಸಿಗುತ್ತವೆ. ಕನ್ನಡದ ಒಂದು ಕಾದಂಬರಿ ಬೇಕೆನ್ನಿಸಿದರೆ ನಾನು ಕಲಬುರಗಿಯ ಬಸ್ಸು ಹತ್ತಬೇಕಾಗಿತ್ತು. ಹಾಗಾಗಿ, ಇ-ಪುಸ್ತಕ ಬಂದು ಕಾಗದದ ವಾಸನೆಯೇ ಹೋಯಿತು ಎಂದು ಯಾರಾದರೂ ಹಳಹಳಿಸಿದರೆ ನನಗೆ ನಗು ಬರುತ್ತದೆ. ಹೋಗುವುದಕ್ಕೆ ನಮ್ಮಲ್ಲಿ ಅದು ಇತ್ತಾದರೂ ಎಷ್ಟು?

ನನ್ನ ತವರು ಚಿತ್ತಾಪುರ. ಮದುವೆಯಾಗಿ ಬರುವಾಗ ಟ್ರಂಕಿನಲ್ಲಿ ಹನ್ನೊಂದು ಪುಸ್ತಕ ತಂದಿದ್ದೆ. ಅವನ್ನೇ ತಿರುತಿರುಗಿ ಓದುತ್ತಿದ್ದೆ. ಆಗ ಮನೆಯಲ್ಲಿ ಒಂದು ವಿಚಿತ್ರ ಮರ್ಯಾದೆ ಸಿಗುತ್ತಿತ್ತು. ಮಧ್ಯಾಹ್ನ ಪುಸ್ತಕ ಹಿಡಿದು ಕೂತರೆ ಅತ್ತೆ ಬಂದವರಿಗೆ ಬಾಗಿಲಲ್ಲೇ ಹೇಳುತ್ತಿದ್ದರು: “ಓದ್ಲಿಕತ್ತಾಳ, ಆಮ್ಯಾಲ ಬರ್ರಿ.” ಅವರಿಗೆ ಓದು ಬರುವುದಿಲ್ಲ. ಆದರೆ ಓದುವ ಹೆಂಗಸಿನ ಕೈಯಲ್ಲಿ ಏನೋ ಕೆಲಸವಿದೆ, ಅದನ್ನು ಕೆಡಿಸಬಾರದು ಎಂಬುದು ಅವರಿಗೆ ಗೊತ್ತಿತ್ತು.

ಫೋನಿನಲ್ಲಿ ಓದುವುದು ಶುರುವಾದ ಮೇಲೆ ಆ ಮರ್ಯಾದೆ ಹೋಯಿತು. ಅದೇ ಕುರ್ಚಿ, ಅದೇ ಹೊತ್ತು, ಓದುತ್ತಿರುವುದೂ ಕಾದಂಬರಿಯೇ. “ಅದರಾಗ ಏನದ ಅಂತ ಅಷ್ಟು? ಕಣ್ಣು ಹೋಗ್ತಾವ, ಇಡು” ಎಂದು ಅಡುಗೆಮನೆಯಿಂದ ಕೂಗು ಬರುತ್ತದೆ. ಅವರ ತಪ್ಪಿಲ್ಲ. ಫೋನು ಹಿಡಿದವಳು ಶಿವರಾಮ ಕಾರಂತರನ್ನು ಓದುತ್ತಿದ್ದಾಳೋ ಸೀರೆ ನೋಡುತ್ತಿದ್ದಾಳೋ ಹೊರಗಿನಿಂದ ತಿಳಿಯುವುದು ಹೇಗೆ? ಗಂಡಸರಿಗೆ ಇದು ಅಷ್ಟು ತಟ್ಟುವುದಿಲ್ಲವೇನೋ, ಅವರು ಫೋನು ನೋಡುತ್ತ ಕೂತರೆ ಡ್ಯೂಟಿಯ ಕೆಲಸ ಎಂದಾಗುತ್ತದೆ. ಹೆಂಗಸರ ಓದಿಗೆ ಪುಸ್ತಕವೊಂದು ಬಾಗಿಲಿನಂತಿತ್ತು. ಮುಚ್ಚಿಕೊಂಡು ಒಳಗೆ ಕೂಡಬಹುದಿತ್ತು.

ಕನ್ನಡ ಓದುಗರಿಗೆ ಈ ಫೋನಿನ ಓದೂ ಸಲೀಸಾಗಿ ಬಂದದ್ದಲ್ಲ. ನನ್ನ ಮೊದಲ ಫೋನಿನಲ್ಲಿ ಕನ್ನಡವೆಂದರೆ ಬರೀ ಚೌಕಗಳ ಸಾಲು. 2016ರ ಡಿಸೆಂಬರಿನಲ್ಲಿ ಅಮೆಜಾನಿನವರು ಕಿಂಡಲ್‌ಗೆ ಐದು ಭಾರತೀಯ ಭಾಷೆಗಳನ್ನು ಸೇರಿಸಿದರು: ಹಿಂದಿ, ಮರಾಠಿ, ಗುಜರಾತಿ, ತಮಿಳು, ಮಲಯಾಳಂ. ಕನ್ನಡ ಅದರಲ್ಲಿರಲಿಲ್ಲ. 2020ರಲ್ಲಿ ಮೈಲ್ಯಾಂಗ್ ಶುರುವಾದ ಮೇಲೆ ಕನ್ನಡದ ಇ-ಪುಸ್ತಕ, ಕೇಳುವ ಪುಸ್ತಕ ಎರಡನ್ನೂ ಕಾಸು ಕೊಟ್ಟು ಕೊಳ್ಳುವುದು ಸುಲಭವಾಯಿತು. ವಾಟ್ಸ್ಯಾಪ್ ಗುಂಪುಗಳಲ್ಲಿ ಓಡಾಡುವ ಪಿಡಿಎಫ್‌ಗಳ ಮಾತು ಬೇರೆ. ಲೇಖಕರು ತೀರಿ 60 ವರ್ಷ ಕಳೆದ ಪುಸ್ತಕವಾದರೆ ಅದು ಎಲ್ಲರದು. ಬದುಕಿರುವವರ ಪುಸ್ತಕವನ್ನು ಹಾಗೆ ಹಂಚುವುದಕ್ಕೆ ‘ಸಾಹಿತ್ಯ ಸೇವೆ’ ಎಂದು ಹೆಸರಿಟ್ಟರೂ ಅದು ಕಳ್ಳತನವೇ.

ಆದರೆ ಹಳೆಯ ಪುಸ್ತಕಗಳ ವಿಷಯದಲ್ಲಿ ಫೋನಿನ ಋಣ ನನ್ನ ಮೇಲೆ ದೊಡ್ಡದಿದೆ. ನಮ್ಮ ಮನೆಯಿಂದ ಮಳಖೇಡದ ಕೋಟೆ ದೂರವಿಲ್ಲ. ಕಾಗಿಣಾ ನದಿಯ ದಂಡೆಯ ಈ ಊರೇ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ಹುಟ್ಟಿತು. ನೃಪತುಂಗನ ಹೆಸರು ಹೇಳಿ ನಾವು ಬಹಳ ಬೀಗುತ್ತೇವೆ. ಆದರೆ ಆ ಪುಸ್ತಕವನ್ನು ಕೈಯಲ್ಲಿ ಹಿಡಿದವರನ್ನು ನಾನು ಈ ಸುತ್ತಿನಲ್ಲಿ ಕಂಡಿರಲಿಲ್ಲ. ಓಲೆಗರಿಯಲ್ಲಿ ಉಳಿದು ಬಂದ ಕೃತಿಯನ್ನು ಕೆ.ಬಿ. ಪಾಠಕರು 1898ರಲ್ಲಿ ಬೆಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಇಲ್ಲಿಯದೇ ಪುಸ್ತಕ ನನಗೆ ಸಿಕ್ಕಿದ್ದು ಅಂತರಜಾಲದಲ್ಲಿ, ಯಾವುದೋ ಗ್ರಂಥಾಲಯದ ಪ್ರತಿಯ ಸ್ಕ್ಯಾನಾಗಿ. ಮಾರ್ಜಿನಿನಲ್ಲಿ ಯಾರೋ ಪೆನ್ಸಿಲಿನಲ್ಲಿ ಅರ್ಥ ಬರೆದುಕೊಂಡಿದ್ದರು. ನನಗಿಂತ ಮೊದಲು ಇದನ್ನು ಓದಿದವರೊಬ್ಬರು ಇದ್ದರು ಎಂದು ಆ ಪೆನ್ಸಿಲ್ ಗುರುತು ಹೇಳಿತು.

ಹಳಗನ್ನಡ ನನಗೆ ಸರಾಗವಲ್ಲ. ದಿನಕ್ಕೆ ಮೂರು ನಾಲ್ಕು ಪದ್ಯ ಓದುತ್ತಿದ್ದೆ. ಬೆರಳಿನಿಂದ ಪುಟ ಹಿಗ್ಗಿಸಿ, ಒಂದೊಂದು ಸಾಲನ್ನು ಪರದೆಯ ಮೇಲೆ ಎಳೆದಾಡಿ, ಪದ ತಿಳಿಯದಿದ್ದರೆ ನಿಘಂಟಿಗೆ ಜಿಗಿದು ವಾಪಸು ಬರುವ ಓದು. ಸ್ಕ್ಯಾನಾದ ಪುಟ ಚಿತ್ರವಷ್ಟೇ, ಅದರಲ್ಲಿ ಪದ ಹುಡುಕಲು ಬರುವುದಿಲ್ಲ. ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಜೋಡಿಸಿದ ಪಿಡಿಎಫ್ ಆದರೆ ಇನ್ನೂ ತಮಾಷೆ: ಕಣ್ಣಿಗೆ ಚಂದದ ಕನ್ನಡ, ನಕಲು ಮಾಡಿ ಬೇರೆಡೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಹುಡುಕಲು ಬರದಿದ್ದದ್ದು ನನಗೆ ಒಳ್ಳೆಯದೇ ಆಯಿತು. ಹುಡುಕಲು ಬಂದಿದ್ದರೆ ಎಲ್ಲರೂ ಭಾಷಣದಲ್ಲಿ ಹೇಳುವ ಪದ್ಯಗಳನ್ನಷ್ಟೇ ನೋಡಿ ಮುಚ್ಚಿಬಿಡುತ್ತಿದ್ದೆನೇನೋ. ಓದು ಕಲಿಯದೆಯೂ ಕಾವ್ಯದ ಮರ್ಮ ಬಲ್ಲವರು ಈ ನಾಡಿನ ಜನ ಎಂಬ ಅದರ ಮಾತಿಗೆ, ಕಾವೇರಿ ಗೋದಾವರಿಗಳ ನಡುವಿನ ನಾಡಿನ ಮಾತಿಗೆ ಸುತ್ತಲಿನ ಪದ್ಯಗಳೊಂದಿಗೆ ನಿಧಾನವಾಗಿ ಬಂದೆ. ಮುಗಿಸಲು ಒಂದು ಮಳೆಗಾಲ ಬೇಕಾಯಿತು. ನಾನು ಏನು ಓದುತ್ತಿದ್ದೇನೆಂದು ಮನೆಯಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ.

ಅದೇ ನನಗೆ ಚುಚ್ಚುವುದು. ಟ್ರಂಕಿನ ಹನ್ನೊಂದು ಪುಸ್ತಕಗಳಲ್ಲಿ ಈಗ ನನ್ನ ಹತ್ತಿರ ಇರುವುದು ಆರು. ಉಳಿದವು ಓಣಿಯಲ್ಲಿ ಕೈ ಬದಲಾಯಿಸುತ್ತ ಹೋದವು. ಒಂದು ವಾಡಿಗೆ ವರ್ಗವಾದವರ ಸಾಮಾನಿನ ಜೊತೆ ಹೋಯಿತು. ಆಗ ಬೈದುಕೊಂಡಿದ್ದೆ. ಆದರೆ ಆ ಪುಸ್ತಕಗಳಿಂದ ನಾಲ್ಕು ಮನೆಯಲ್ಲಿ ಓದುವವರಾದರು. ಫೋನಿನಲ್ಲಿ ನೂರಿನ್ನೂರು ಪುಸ್ತಕವಿದ್ದರೂ ಮನೆಗೆ ಬಂದ ಹುಡುಗಿ ಒಂದನ್ನು ಎತ್ತಿಕೊಂಡು “ಆಂಟಿ, ಇದು ಒಯ್ಯಲೇನ್ರಿ?” ಎನ್ನುವುದಿಲ್ಲ. ಮಕ್ಕಳಿಗೆ ಓದು ಅಂಟುವುದು ಓದುವವರನ್ನು ನೋಡಿ. ಫೋನು ನೋಡಿ ಅವರಿಗೆ ಅಂಟುವುದು ಫೋನೇ.

ಹೋದ ವರ್ಷದಿಂದ ಮಧ್ಯಾಹ್ನ ಪುಸ್ತಕ ಕೇಳುವುದು ಶುರುಮಾಡಿದೆ. ಕಿವಿಗೆ ಏನೂ ಸಿಕ್ಕಿಸಿಕೊಳ್ಳದೆ, ಅಡುಗೆಮನೆಯ ಕಟ್ಟೆಯ ಮೇಲೆ ಫೋನಿಟ್ಟು ಜೋರಾಗಿ ಹಚ್ಚುತ್ತೇನೆ. ಅತ್ತೆ ಮೊದಮೊದಲು ತೊಗರಿಬೇಳೆ ಆರಿಸುತ್ತ ಕೇಳದವರ ಹಾಗೆ ಕೂಡುತ್ತಿದ್ದರು. ಮೂರನೆಯ ದಿನ ಬೇಳೆ ಮುಗಿದರೂ ಏಳಲಿಲ್ಲ. ಓದುವ ಹೆಣ್ಣುಮಗಳ ಕನ್ನಡ ಬೆಂಗಳೂರ ಕಡೆಯದು. ಅದರ ಬಗ್ಗೆ ಅತ್ತೆಯ ತಕರಾರಿದೆ. “ಚಲೋ ಓದ್ತಾಳ, ಖರೆ. ಆದ್ರ ಹಿಂದ ಯಾರರ ಬೆನ್ನು ಹತ್ತ್ಯಾರೇನು ಆಕಿಗಿ?” ಎಂದರು. ವೇಗವನ್ನು ಮುಕ್ಕಾಲಿಗೆ ಇಳಿಸಿಕೊಟ್ಟೆ. ಈಗ ಮಧ್ಯಾಹ್ನ ಯಾರಾದರೂ ಬಂದರೆ ಅತ್ತೆ ಅವರನ್ನು ಬಾಗಿಲಿಂದ ಕಳಿಸುವುದಿಲ್ಲ. ಒಳಗೆ ಕರೆದು, ಬೇಳೆಯ ಮರ ಅವರ ಕಡೆ ಸರಿಸಿ, ಕಥೆ ಎಲ್ಲಿಯ ತನಕ ಬಂತೆಂದು ತಾವೇ ಹೇಳುತ್ತಾರೆ.