ದೀಪ ಎಣಿಸುವುದು ಗಂಟೆ, ದೂಳನ್ನಲ್ಲ

ದೆಹಲಿಯ ಮುನಿರ್ಕಾ ಡಿಡಿಎ ಫ್ಲ್ಯಾಟ್, ಎರಡನೇ ಮಹಡಿ, ನವೆಂಬರಿನ ಬೆಳಗು ಎಂಟೂವರೆ. ಕಿಟಕಿಯ ಗಾಜಿಗೆ ಹಣೆ ಹಚ್ಚಿ ನಿಂತಿದ್ದೀರಿ. ಎದುರಿನ ಪಾರ್ಕಿನ ಬೇವಿನ ಮರ ಅರ್ಧ ಕಾಣುತ್ತದೆ, ಅದರಾಚೆಯ ಬ್ಲಾಕ್ ಕಾಣುವುದೇ ಇಲ್ಲ. ಔಟರ್ ರಿಂಗ್ ರೋಡಿನ ಬಸ್ಸುಗಳು ಹಾರ್ನ್ ಮಾತ್ರವಾಗಿ ಉಳಿದಿವೆ. ಕೆಳಗೆ ಗೇಟಿನ ಕಾವಲುಗಾರ ಕೈ ಕಾಸಿಕೊಳ್ಳಲು ಕಡ್ಡಿ-ಎಲೆ ಉರಿಸಿದ್ದಾನೆ. ಆ ಹೊಗೆ ಮೇಲೇರುವುದಿಲ್ಲ. ಮೊದಲ ಮಹಡಿಯ ಎತ್ತರಕ್ಕೆ ಬಂದು ಅಡ್ಡಡ್ಡ ಹರಡುತ್ತದೆ. ನೆಲದ ಬಳಿ ತಣ್ಣನೆಯ ಗಾಳಿ, ಅದರ ಮೇಲೆ ಬೆಚ್ಚನೆಯ ಪದರ, ನಡುವೆ ಬೀಸುಗಾಳಿ ಇಲ್ಲ. ಇಡೀ ಊರು ಬಿಟ್ಟ ಹೊಗೆ ಊರಲ್ಲೇ ಉಳಿದಿದೆ.

ಮೊಬೈಲಿನಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್ ತೆರೆಯುತ್ತೀರಿ. ಹತ್ತಿರದ ಮಾಪನ ಕೇಂದ್ರ ಆರ್.ಕೆ. ಪುರಂ. ಗಾಳಿಯ ಗುಣಮಟ್ಟದ ಸೂಚ್ಯಂಕ 400 ದಾಟಿದೆ. ಮಂಡಳಿಯ ಪಟ್ಟಿಯಲ್ಲಿ ಇದು ಕಟ್ಟಕಡೆಯ ದರ್ಜೆ. ಪಿಎಂ 2.5 ಕಣಗಳಿಗೆ ನಮ್ಮ ದೇಶದ ದಿನದ ಮಿತಿ ಘನ ಮೀಟರಿಗೆ 60 ಮೈಕ್ರೊಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಹೊರಗಿರುವುದು ಈ ಎರಡರ ಲೆಕ್ಕಕ್ಕೂ ಸಿಗದ ಗಾಳಿ.

ಮಲಗುವ ಕೋಣೆಯ ಮೂಲೆಯಲ್ಲಿ ಏರ್ ಪ್ಯೂರಿಫೈಯರ್ ಗುಂಯ್‌ಗುಡುತ್ತಿದೆ. ‘ಫಿಲ್ಟರ್ ಬದಲಿಸಿ’ ಎನ್ನುವ ದೀಪ ಇನ್ನೂ ಹೊತ್ತಿಲ್ಲ. ಆದರೆ ನಿನ್ನೆಯಿಂದ ಕೋಣೆಯಲ್ಲಿ ಸುಟ್ಟ ವಾಸನೆ ನಿಂತಿದೆ. ಫ್ಯಾನನ್ನು ಪೂರಾ ಏರಿಸಿದರೂ ಫಲಕದ ಮೇಲಿನ ಪಿಎಂ 2.5 ಅಂಕಿ 120ರಿಂದ ಕೆಳಗಿಳಿಯುತ್ತಿಲ್ಲ. ಒಂದು ಟಿಶ್ಯೂ ಕಾಗದ ತಂದು ಗಾಳಿ ಹೊರಬರುವ ಜಾಲರಿಯ ಮೇಲೆ ಹಿಡಿಯುತ್ತೀರಿ. ಸದ್ದು ಜೋರಾಗಿದೆ, ಕಾಗದ ಮಾತ್ರ ಅಲುಗಿದ್ದು ಇಷ್ಟೇ.

ಅನೇಕ ಯಂತ್ರಗಳಲ್ಲಿ ಆ ದೀಪ ಎಣಿಸುವುದು ಫ್ಯಾನ್ ತಿರುಗಿದ ಗಂಟೆಗಳನ್ನು ಮಾತ್ರ. ಕೈಪಿಡಿ ಫಿಲ್ಟರಿಗೆ ಕೊಡುವ ‘ಒಂದು ವರ್ಷ’ದ ಆಯುಸ್ಸು ಬರುವುದು ಅದೇ ಲೆಕ್ಕದಿಂದ. ಜುಲೈ ಮಳೆಯಲ್ಲಿ ತಿರುಗಿದ ಗಂಟೆಗೂ ದೀಪಾವಳಿ ಕಳೆದ ವಾರದಲ್ಲಿ ತಿರುಗಿದ ಗಂಟೆಗೂ ಅದಕ್ಕೆ ವ್ಯತ್ಯಾಸ ಗೊತ್ತಿಲ್ಲ. ಫಿಲ್ಟರಿಗೆ ಗೊತ್ತು.

ಪ್ಲಗ್ ಕೀಳುತ್ತೀರಿ. ಮೊದಲು ಪ್ಲಗ್, ಆಮೇಲೆ ಉಳಿದದ್ದು. ನೆಲಕ್ಕೆ ಹಳೆಯ ಪತ್ರಿಕೆ ಹಾಸಿ, ಹೊರಗೆ ಹೋಗುವಾಗಿನ ಎನ್95 ಮಾಸ್ಕನ್ನು ಮನೆಯೊಳಗೇ ಕಟ್ಟಿಕೊಳ್ಳುತ್ತೀರಿ. ಚಳಿಗಾಲ ಕಳೆಯಲೆಂದು ಧಾರವಾಡದಿಂದ ಬಂದಿರುವ ಅವ್ವ ಬಾಗಿಲಲ್ಲಿ ನಿಂತಿದ್ದಾರೆ.

“ಯಾಕೋ ತಮ್ಮಾ, ಮನಿಯಾಗೂ ಮಾಸ್ಕ್ ಹಾಕ್ಕೊಂಡಿ?”

“ಇದನ್ನ ಬಿಚ್ಚಬೇಕವ್ವಾ. ನೀ ಸ್ವಲ್ಪ ಹೊರಗ ನಿಲ್ಲು.”

ಮುಂದಿನ ಮುಚ್ಚಳದ ಕೆಳತುದಿಗೆ ಬೆರಳು ಕೊಟ್ಟು ಎಳೆದರೆ ‘ಟಕ್’ ಎಂದು ಬಿಚ್ಚುತ್ತದೆ. ಮೊದಲು ಸಿಗುವುದು ಪ್ರೀ ಫಿಲ್ಟರಿನ ಜಾಲರಿ: ಕೂದಲು, ಕಂಬಳಿಯ ನೂಲು, ಬೂದು ಬಣ್ಣದ ಜುಂಗು. ಇದನ್ನು ತೊಳೆಯಬಹುದು. ಆದರೆ ನೆರಳಲ್ಲಿ ಪೂರ್ತಿ ಒಣಗುವ ತನಕ ಒಳಗಿಡುವಂತಿಲ್ಲ. ತೇವ ಉಳಿದರೆ ಬೂಷ್ಟು. ಇವತ್ತಿನ ಚಳಿಯಲ್ಲಿ ಅದು ಬೇಗ ಒಣಗದು. ಹಾಗಾಗಿ ವ್ಯಾಕ್ಯೂಮ್ ಕ್ಲೀನರಿನಲ್ಲಿ ಎಳೆದು, ಒಣಬಟ್ಟೆಯಲ್ಲಿ ಒರೆಸಿ ಬದಿಗಿಡುತ್ತೀರಿ.

ಅದರ ಹಿಂದೆ ಹೆಪಾ ಫಿಲ್ಟರ್. ಪಟ್ಟಿ ಹಿಡಿದು ನಿಧಾನಕ್ಕೆ ಎಳೆಯುತ್ತೀರಿ. ತಂದಾಗ ಬೆಳ್ಳಗಿದ್ದದ್ದು ಈಗ ಒಲೆಯ ಬೂದಿಯ ಬಣ್ಣ. ಬೆರಳಿಂದ ಮಡಿಕೆ ಬಿಡಿಸಿದರೆ ಆಳದಲ್ಲಿ ಇನ್ನಷ್ಟು ಕಪ್ಪು. ಅವ್ವ ಹೊರಗೆ ನಿಂತಿಲ್ಲ, ಬೆನ್ನ ಹಿಂದೆಯೇ ಬಗ್ಗಿದ್ದಾರೆ.

“ಸೀರಿ ನಿರಗಿ ಹಿಡದಂಗ ಐತಲ್ಲೋ. ನಿಂದ್ರು, ನೀರಾಗ ಅಲಬಿ ಕೊಡ್ತೀನಿ.”

ಅಲಬುವಂತಿಲ್ಲ. ಸೂಕ್ಷ್ಮ ಎಳೆಗಳ ಹಾಳೆ ಇದು; ನೀರು ಬಿದ್ದರೆ ಎಳೆಗಳ ನಡುವಿನ ಅಂತರ ಕೆಡುತ್ತದೆ, ಹಿಡಿಯುವ ಶಕ್ತಿ ಹೋಗುತ್ತದೆ. ಹೆಪಾ ಎನ್ನಿಸಿಕೊಳ್ಳಲು 0.3 ಮೈಕ್ರಾನಿನ ಕಣಗಳಲ್ಲಿ ಶೇಕಡಾ 99.97ರಷ್ಟನ್ನು ಹಿಡಿಯಬೇಕು ಎನ್ನುವುದು ಅಮೆರಿಕದ ಅಳತೆ. ಆ ಗಾತ್ರವನ್ನೇ ಆರಿಸಿದ್ದಕ್ಕೆ ಕಾರಣವಿದೆ. ಅದಕ್ಕಿಂತ ದೊಡ್ಡ ಕಣ ಗಾಳಿಯೊಂದಿಗೆ ತಿರುವು ತೆಗೆದುಕೊಳ್ಳಲಾರದೆ ಎಳೆಗೆ ಹೋಗಿ ಬಡಿಯುತ್ತದೆ. ಬಹಳ ಚಿಕ್ಕದು ಗಾಳಿಯ ಅಣುಗಳ ಏಟಿಗೆ ಅತ್ತಿತ್ತ ತೂರಾಡಿ ಯಾವುದೋ ಎಳೆಗೆ ಅಂಟುತ್ತದೆ. ನಡುವಿನ ಗಾತ್ರದ್ದೇ ನುಸುಳುಕೋರ. ಅದನ್ನು ಹಿಡಿದವನು ಉಳಿದವನ್ನೆಲ್ಲ ಹಿಡಿದಂತೆ.

“ಇಷ್ಟೆಲ್ಲಾ ನಮ್ಮ ಎದಿಯಾಗ ಹೋಗತಿತ್ತೇನು?” ಅವ್ವನ ದನಿ ಇಳಿದಿದೆ.

ಹೌದು ಎಂದು ಹೆದರಿಸುವುದು ಸುಲಭ, ಲೆಕ್ಕ ಬೇರೆ. ಸುಮ್ಮನೆ ಕೂತ ಮನುಷ್ಯ ದಿನಕ್ಕೆ ಸುಮಾರು 11 ಘನ ಮೀಟರ್ ಗಾಳಿ ಉಸಿರಾಡುತ್ತಾನೆ. ಈ ಯಂತ್ರ ಒಂದು ಗಂಟೆಗೆ 300 ಘನ ಮೀಟರ್ ಎಳೆಯುತ್ತದೆ, ಅಂದರೆ ಒಬ್ಬರ ತಿಂಗಳಿನ ಉಸಿರಿನ ಹತ್ತಿರ. ಫಿಲ್ಟರಿನ ಕೊಳೆ ನಿಮ್ಮಿಬ್ಬರ ಪಾಲಿಗಿಂತ ಎಷ್ಟೋ ಪಟ್ಟು ಹೆಚ್ಚು. ನಿಮ್ಮ ಪಾಲು ಕಡಿಮೆ, ಆದರೆ ಸೊನ್ನೆಯಲ್ಲ.

ಹಳೆಯದನ್ನು ಕೊಡವದೆ, ತಟ್ಟದೆ, ದೊಡ್ಡ ಚೀಲಕ್ಕೆ ಇಳಿಸಿ ಬಾಯಿ ಬಿಗಿಯುತ್ತೀರಿ. ಖಾಲಿ ಗೂಡಿನ ಅಂಚನ್ನು ಒಣಬಟ್ಟೆಯಲ್ಲಿ ಒರೆಸುತ್ತೀರಿ. ಪಕ್ಕದ ಪುಟ್ಟ ಕಿಂಡಿಯಲ್ಲಿ ಸೆನ್ಸರ್ ಇದೆ: ಕಣಗಳ ಮೇಲೆ ಲೇಸರ್ ಬಿದ್ದು ಚದುರಿದ ಬೆಳಕನ್ನು ಅದು ಅಳೆಯುತ್ತದೆ. ಅದರ ಗಾಜಿಗೇ ದೂಳು ಕೂತರೆ ಅಂಕಿ ಸುಳ್ಳಾಗುತ್ತದೆ. ಒಣ ಹತ್ತಿಕಡ್ಡಿ ಒಂದು ಸುತ್ತು ಸಾಕು.

ಹೊಸ ಫಿಲ್ಟರಿನ ಪ್ಲಾಸ್ಟಿಕ್ ಕವರ್ ಹರಿಯುತ್ತೀರಿ. ಕವರ್ ಸಮೇತ ಒಳಗಿಟ್ಟು ತಿಂಗಳುಗಟ್ಟಲೆ ಓಡಿಸುವವರೂ ಉಂಟು. ಈಗ ನೋಡಬೇಕಾದ್ದು ಚೌಕಟ್ಟಿನ ಸುತ್ತ ಅಂಟಿಸಿದ ಫೋಮ್ ಪಟ್ಟಿ. ಅಗ್ಗದ ನಕಲಿನಲ್ಲಿ ಇದೇ ತೆಳ್ಳಗಿರುತ್ತದೆ, ಇಲ್ಲವೇ ಇರುವುದೇ ಇಲ್ಲ. ಹಾಳೆ ಎಷ್ಟೇ ಒಳ್ಳೆಯದಿರಲಿ, ಅಂಚಿನಲ್ಲಿ ಸಂದಿ ಇದ್ದರೆ ಗಾಳಿ ಸುಲಭದ ದಾರಿ ಹಿಡಿದು ಪಕ್ಕದಿಂದಲೇ ಹೋಗಿಬಿಡುತ್ತದೆ. ಪಟ್ಟಿ ದಪ್ಪಗಿದೆ. ಎಳೆಯುವ ಪಟ್ಟಿ ನಿಮ್ಮ ಕಡೆಗೆ ಬರುವಂತೆ ಒತ್ತಿ ಕೂರಿಸಿ, ಚೌಕಟ್ಟಿನ ಮೇಲೆ ಮಾರ್ಕರಿನಲ್ಲಿ ಇವತ್ತಿನ ತಾರೀಖು ಬರೆಯುತ್ತೀರಿ. ಇನ್ನು ದೀಪವನ್ನು ಕೇಳಬೇಕಾಗಿಲ್ಲ.

ಮುಚ್ಚಳ, ಪ್ಲಗ್, ರೀಸೆಟ್ ಗುಂಡಿ ಒತ್ತಿ ಹಿಡಿದು ಕೆಲವು ಕ್ಷಣ. ಯಂತ್ರದ ದನಿಯೇ ಬದಲಾಗಿದೆ, ತಿಣುಕಾಟ ಹೋಗಿದೆ. ಟಿಶ್ಯೂ ಕಾಗದ ಈ ಸಲ ಹಾರಿ ಮಂಚದ ಮೇಲೆ ಬೀಳುತ್ತದೆ. ಹತ್ತು-ಹನ್ನೆರಡು ಅಡಿಯ ಕೋಣೆ, ಬಾಗಿಲು ಮುಚ್ಚಿದೆ. 118, 90, 61, 40. ಇಪ್ಪತ್ತು ನಿಮಿಷಕ್ಕೆ 22.

ಅಷ್ಟರಲ್ಲಿ 22 ಇದ್ದದ್ದು 70, 160, 300. ದೀಪ ಕೆಂಪು, ಫ್ಯಾನ್ ಹುಚ್ಚೆದ್ದು ಕೂಗುತ್ತದೆ. ಎದ್ದು ನೋಡಿದರೆ ಬಾಗಿಲು ಹಾರುಹೊಡೆದಿದೆ, ಅಡುಗೆಮನೆಯಲ್ಲಿ ಸಾಸಿವೆ ಸಿಡಿಯುತ್ತಿದೆ, ಎಣ್ಣೆಯಲ್ಲಿ ಮೆಣಸಿನಕಾಯಿ ಕಪ್ಪಗಾಗುತ್ತಿದೆ.

“ಅವ್ವಾ, ಅಡಿಗಿಮನಿ ಫ್ಯಾನ್ ಹಚ್ಚಿ ಒಗ್ಗರಣಿ ಹಾಕು. ಈ ಮಷೀನಿಗೆ ಪಂಜಾಬಿನಾಗ ಸುಡೋ ಹುಲ್ಲೂ ಒಂದ, ಬ್ಯಾಡಗಿ ಮೆಣಸಿನಕಾಯೂ ಒಂದ.”

“ಅದಕ್ಕ ಒಂದ ಇರಬಹುದು, ನನಗ ಒಂದ ಅಲ್ಲ,” ಎನ್ನುತ್ತಾ ಅವ್ವ ಸಾರಿಗೆ ಒಗ್ಗರಣೆ ಸುರಿಯುತ್ತಾರೆ. “ಬಾಗಲಾ ಹಾಕ್ಕೊಂಡು ಹೋಗು.”