ಬಿಟ್ಟಿ ವಿದ್ಯೆಯ ಬೆಲೆ

ಕನ್ನಡದಲ್ಲಿ ‘ಬಿಟ್ಟಿ’ ಎಂಬ ಮಾತಿಗೆ ಎರಡು ಮುಖಗಳುಂಟು. ಕಾಸು ಕೊಡದೆ ದೊರೆತದ್ದು ಬಿಟ್ಟಿ. ಕೂಲಿ ಕೊಡದೆ ದುಡಿಸಿಕೊಂಡದ್ದೂ ಬಿಟ್ಟಿಯೆ. ರಾಯಚೂರು ಜಿಲ್ಲೆಯ ದೇವದುರ್ಗದ ಸೀಮೆ ಈ ಎರಡನ್ನೂ ಬಲ್ಲದು. ನಿಜಾಮರ ಆಳಿಕೆಯಲ್ಲಿ ಬಡವರ ಮೈದುಡಿಮೆ ಉಳ್ಳವರಿಗೆ ಬಿಟ್ಟಿಯಾಗಿ ಸಲ್ಲುತ್ತಿತ್ತು. ಕಚೇರಿಯ ಬರಹವೂ ಮೇಲಿನ ತರಗತಿಗಳ ಪಾಠವೂ ಉರ್ದುವಿನಲ್ಲಿದ್ದು, ಕನ್ನಡ ಮಾತಿನ ಮಕ್ಕಳಿಗೆ ವಿದ್ಯೆಯೆಂಬುದು ದೂರದ ಬೆಟ್ಟವಾಗಿತ್ತು.

೧೯೪೮ರಲ್ಲಿ ಆ ಆಳಿಕೆ ಮುಗಿಯಿತು. ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಹತ್ತು ವರ್ಷಗಳೊಳಗೆ ಉಚಿತ, ಕಡ್ಡಾಯ ಶಿಕ್ಷಣ ದೊರಕಿಸಲು ಸರ್ಕಾರ ಯತ್ನಿಸಬೇಕೆಂದು ೧೯೫೦ರ ಸಂವಿಧಾನ ಹೇಳಿತು. ಹತ್ತು ಹೋಗಿ ಐವತ್ತಾಯಿತು. ೨೦೦೨ರ ತಿದ್ದುಪಡಿ ಆರರಿಂದ ಹದಿನಾಲ್ಕರ ಮಕ್ಕಳಿಗೆ ಅದನ್ನು ಮೂಲಭೂತ ಹಕ್ಕಾಗಿಸಿತು. ೨೦೦೯ರ ಕಾಯದೆ ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದಿತು.

ಈಗ ಸರ್ಕಾರಿ ಶಾಲೆಗೆ ಶುಲ್ಕವಿಲ್ಲ. ಪುಸ್ತಕ, ಸಮವಸ್ತ್ರ, ಮಧ್ಯಾಹ್ನದ ಊಟ ಎಲ್ಲವೂ ಉಚಿತ. ‘ಅಕ್ಷರ ದಾಸೋಹ’ ೨೦೦೨ರಲ್ಲಿ ಮೊದಲಾದದ್ದೇ ರಾಯಚೂರೂ ಸೇರಿದಂತೆ ಉತ್ತರದ ಏಳು ಜಿಲ್ಲೆಗಳಲ್ಲಿ. ಆದರೂ ಹತ್ತಿ ಬಿಡಿಸುವ ಕಾಲಕ್ಕೆ ತರಗತಿಯ ಸಾಲುಗಳು ತೆಳುವಾಗುತ್ತವೆ. ಮಗಳನ್ನು ಕರೆಯಲು ಬಂದ ಮಾಸ್ತರರಿಗೆ ತಾಯಿ ಕೇಳುವ ಪ್ರಶ್ನೆ ಒಂದೇ: “ಆಕಿ ಸಾಲಿಗೆ ಬಂದ್ರ ಕೂಸಿನ್ನ ಯಾರು ಹಿಡೀಬೇಕ್ರಿ?” ಮಾಸ್ತರರ ಬಳಿ ಕಾಯದೆಯುಂಟು, ಇದಕ್ಕೆ ಉತ್ತರವಿಲ್ಲ. ಮನೆಮಂದಿಯೆಲ್ಲ ಬೆಂಗಳೂರಿಗೆ ಗುಳೆ ಹೊರಟರಂತೂ ಹಾಜರಿ ಪುಸ್ತಕದಲ್ಲಿ ಹೆಸರೊಂದೇ ಉಳಿಯುತ್ತದೆ. ೨೦೧೧ರ ಜನಗಣತಿಯಲ್ಲಿ ಜಿಲ್ಲೆಯ ಓದುಬಲ್ಲ ಹೆಂಗಸರು ನೂರಕ್ಕೆ ಐವತ್ತನ್ನೂ ಮುಟ್ಟಿರಲಿಲ್ಲ.

ಆಫ್ರಿಕಾದ ಕೆನ್ಯಾ ದೇಶ ೨೦೦೩ರಲ್ಲಿ ಪ್ರಾಥಮಿಕ ಶಾಲೆಯ ಶುಲ್ಕವನ್ನು ತೆಗೆದುಹಾಕಿದಾಗ ಮಕ್ಕಳು ಲಕ್ಷಗಟ್ಟಲೆ ಬಂದು ಸೇರಿದರು. ಮರುವರ್ಷ ಕಿಮಾನಿ ಮರುಗೆ ಎಂಬ ಎಂಬತ್ತನಾಲ್ಕರ ವೃದ್ಧರೂ ಒಂದನೆಯ ತರಗತಿಯಲ್ಲಿ ಕುಳಿತರು. ಅಲ್ಲಿ ಶುಲ್ಕವೇ ಬಾಗಿಲಿನ ಅಗುಳಿಯಾಗಿತ್ತು. ದೇವದುರ್ಗದಲ್ಲಿ ಅಗುಳಿ ತೆಗೆದು ವರ್ಷಗಳಾದವು. ಮಗು ಮಾತ್ರ ಇನ್ನೂ ಹೊಲದಲ್ಲಿದೆ.

ಮಗುವಿನ ದಿನಕ್ಕೂ ಒಂದು ಬೆಲೆಯಿದೆ. ತಾಯಿಗೆ ಹೊಟ್ಟೆ ತುಂಬುವಷ್ಟು ಕೂಲಿ, ಕೂಸಿಗೆ ಸಂಜೆಯವರೆಗೂ ತೆರೆದಿರುವ ಅಂಗನವಾಡಿ, ಗುಳೆ ಹೋದವರ ಮಕ್ಕಳಿಗೆ ಊರಲ್ಲೇ ಊಟ, ವಸತಿ—ಇಷ್ಟನ್ನು ಯಾರಾದರೂ ತೆತ್ತಾಗಲೇ ಶಾಲೆ ನಿಜವಾಗಿ ಉಚಿತವಾದೀತು. ಅಲ್ಲಿಯವರೆಗೆ ತೆರುತ್ತಿರುವವಳು ಹತ್ತು ವರ್ಷದ ಅಕ್ಕ. ತಮ್ಮನನ್ನು ಕಂಕುಳಲ್ಲಿ ಹೊತ್ತು ಅವಳು ನಡೆಸುವ ಚಾಕರಿಗೆ ಹಳೆಯ ಹೆಸರೇ ಸಲ್ಲುತ್ತದೆ: ಬಿಟ್ಟಿ.