ಇಳಕಲ್‌ನಿಂದ ಮಸ್ಕತ್: ನೆಲ ಬಿಡಲು ಹೆದರಿದವರ ಪ್ರಯಾಣ

ಕರಾವಳಿಯ ಸಹೋದರಿಯರಿಗೆ ಗಲ್ಫ್ ಅಂದರೆ ಪಕ್ಕದ ಊರಿದ್ದಂತೆ. ಮನೆಗೊಬ್ಬರು ಅಲ್ಲಿರುತ್ತಾರೆ, ವಿಮಾನ ಅವರಿಗೆ ಬಸ್ಸು. ನಮ್ಮ ಬಾಗಲಕೋಟೆ ಜಿಲ್ಲೆಯ ಕಡೆ ಹಾಗಲ್ಲ. ಇಳಕಲ್, ಹುನಗುಂದದ ಮುಸ್ಲಿಮರು ಮಗ್ಗ, ಕಲ್ಲು, ಸಣ್ಣ ವ್ಯಾಪಾರ ನಂಬಿದವರು. ಊರು ಬಿಟ್ಟರೆ ಸೊಲ್ಲಾಪುರ, ಪುಣೆ, ಹೆಚ್ಚೆಂದರೆ ಮುಂಬಯಿ. ಹೀಗಾಗಿ ನನ್ನ ತಂಗಿಯ ಗಂಡನಿಗೆ ಒಮಾನ್‌ನಲ್ಲಿ ಕಲ್ಲು ಪಾಲಿಶ್ ಮಾಡುವ ಕಂಪೆನಿಯೊಂದರ ಕೆಲಸ ಸಿಕ್ಕಾಗ ಇಡೀ ಓಣಿಗೆ ಅದು ಸುದ್ದಿಯಾಯಿತು. ಇಳಕಲ್‌ನ ಕೆಂಪು ಗ್ರಾನೈಟ್ ದೇಶ ದೇಶಕ್ಕೆ ಹೋಗಿದೆ, ಅದನ್ನು ಕೊಯ್ದು ಹೊಳಪು ಕೊಟ್ಟವರೂ ಹೋಗಲಿ ಎಂದು ಹಿರಿಯರು ಹರಸಿದರು.

ಆದರೆ ಆತ ಹೊರಡಲು ಒಪ್ಪಲಿಲ್ಲ. ಕಾರಣ ವಿಮಾನ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಮಂಗಳೂರಿನಲ್ಲಿ ಉರುಳಿ 158 ಜನ ತೀರಿಕೊಂಡ ದಿನ, ಟಿ.ವಿ. ಮುಂದೆ ಕೂತಿದ್ದ ಹುಡುಗನ ಮನಸ್ಸಿನಲ್ಲಿ ಆ ಹೊಗೆ ಉಳಿದುಬಿಟ್ಟಿತ್ತು. ವೀಸಾ ಕಾಗದ ಬಂದ ತಿಂಗಳಲ್ಲೇ, 2025ರ ಜೂನ್ 12ರಂದು, ಅಹಮದಾಬಾದ್‌ನ ದುರಂತ ನಡೆಯಿತು. ವಿಮಾನದಲ್ಲಿದ್ದ 242 ಜನರಲ್ಲಿ ಉಳಿದವರು ಒಬ್ಬರೇ. ಮರುದಿನ ಆತ ನಮ್ಮ ಮನೆಗೆ ಬಂದು ಕೇಳಿದ ಮಾತು ಇಷ್ಟೇ: “ಆಪಾ, ಹಡಗದಾಗ ಹೋಗಾಕ ಬರ್ತದೇನ್ರಿ? ನೀವು ಓದಿದವರು, ನೋಡಿ ಹೇಳ್ರಿ.”

ಅದೇನೂ ಹುಚ್ಚು ಪ್ರಶ್ನೆಯಲ್ಲ. ಒಂದು ಕಾಲಕ್ಕೆ ಎಲ್ಲರೂ ಹಾಗೆಯೇ ಹೋದವರು. ಮುಂಬಯಿಯಿಂದ ಮಸ್ಕತ್, ದುಬೈ, ಬಹ್ರೈನ್, ಕುವೈತ್ ಮುಟ್ಟುತ್ತಿದ್ದ ‘ದ್ವಾರಕಾ’ ಹಡಗು 1982ರವರೆಗೆ ಓಡಿತು. ಹಜ್ಜಿಗೆ ಹೋಗುವ ಹಡಗುಗಳು 1995ರಲ್ಲಿ ನಿಂತವು. ಅವನ್ನು ಮತ್ತೆ ಶುರು ಮಾಡುವ ಮಾತು 2018ರಲ್ಲಿ ಕೇಳಿಬಂತು, ಹಡಗು ಮಾತ್ರ ಬರಲಿಲ್ಲ. ಇನ್ನು ಸಮುದ್ರವೇನೂ ಸುರಕ್ಷಿತವಾಗಿರಲಿಲ್ಲ. ಅದೇ ಕಂಪೆನಿಯ ‘ದಾರಾ’ ಎಂಬ ಹಡಗು 1961ರ ಏಪ್ರಿಲ್ 8ರಂದು ದುಬೈ ಹತ್ತಿರ ಸ್ಫೋಟಗೊಂಡು 238 ಜನ ಸತ್ತರು. ಇದನ್ನೆಲ್ಲ ಹೇಳಿದಾಗ ಆತ ಸುಮ್ಮನೆ ಕೂತ. ಹೆದರಿದವನಿಗೆ ಲೆಕ್ಕ ಹೇಳಿದರೆ ಹೆದರಿಕೆ ಹೋಗುವುದಿಲ್ಲ ಎಂಬುದು ಆಗ ನನ್ನ ಕಣ್ಣಿಗೆ ಬಿತ್ತು.

ನೆಂಟರು ಸುಮ್ಮನಿರಲಿಲ್ಲ. “ಗಂಡಸಾಗಿ ಹೆದರ್ತೀಯಾ”, “ಈಮಾನ್ ಕಮ್ಮಿ ಆಗೇದ” ಎಂದರು. ಇದನ್ನು ನಾನು ಒಪ್ಪುವುದಿಲ್ಲ. ಕೋಲು ಹಾವಾದಾಗ ಹ. ಮೂಸಾ(ಅ) ಹಿಂತಿರುಗಿ ನೋಡದೆ ಓಡಿದ್ದನ್ನು ಪವಿತ್ರ ಕುರ್‌ಆನ್ ಮುಚ್ಚಿಡದೆ ಹೇಳಿದೆ. ಸಮುದ್ರದ ವಿಷಯದಲ್ಲಿ ಹ. ಉಮರ್(ರ) ಅವರ ಅಂಜಿಕೆಯನ್ನು ಚರಿತ್ರೆಕಾರರು ಬರೆದಿಟ್ಟಿದ್ದಾರೆ. ಸಿರಿಯಾದ ಗವರ್ನರ್ ಹ. ಮುಆವಿಯಾ(ರ) ಹಡಗಿನ ದಂಡಯಾತ್ರೆಗೆ ಅನುಮತಿ ಕೇಳಿದಾಗ, ಮುಸ್ಲಿಮರ ಪ್ರಾಣವನ್ನು ಅಲೆಗಳಿಗೆ ಒಪ್ಪಿಸಲಾರೆನೆಂದು ಅವರು ನಿರಾಕರಿಸಿದರು. ಅನುಮತಿ ಸಿಕ್ಕಿದ್ದು ಹ. ಉಸ್ಮಾನ್(ರ) ಕಾಲದಲ್ಲಿ. ಸೈಪ್ರಸ್‌ಗೆ ಹೋದ ಆ ಮೊದಲ ಹಡಗುಗಳಲ್ಲಿ ಒಂದು ದಂಪತಿಯಿದ್ದರು: ಹ. ಉಬಾದ ಬಿನ್ ಸಾಮಿತ್(ರ) ಮತ್ತು ಅವರ ಪತ್ನಿ ಹ. ಉಮ್ಮು ಹರಾಮ್(ರ). ತಾನೂ ಆ ಸಮುದ್ರ ಯಾತ್ರಿಕರಲ್ಲಿ ಸೇರುವಂತೆ ದುಆ ಮಾಡಿರೆಂದು ಪ್ರವಾದಿ(ಸ)ರಲ್ಲಿ ಕೇಳಿಕೊಂಡಿದ್ದ ಮಹಿಳೆ ಅವರು. ಸಮುದ್ರ ಅವರಿಗೆ ಏನೂ ಮಾಡಲಿಲ್ಲ. ದಡ ಮುಟ್ಟಿದ ಮೇಲೆ ಸವಾರಿಯ ಪ್ರಾಣಿಯಿಂದ ಬಿದ್ದು ತೀರಿಕೊಂಡರು. ಲಾರ್ನಾಕಾ ಬಳಿ ಅವರ ಗೋರಿ ಇಂದಿಗೂ ಇದೆ. ತಂಗಿಗೆ ಈ ಕಥೆ ಹೇಳಿದೆ. “ಆಪಾ, ಇದನ್ನ ಅವರಿಗೆ ಹೇಳಬ್ಯಾಡ, ನೆಲದ ಮ್ಯಾಗೂ ಹೆದರ್ತಾರ” ಎಂದು ನಕ್ಕಳು.

ಕೊನೆಗೆ ದಾರಿ ಹುಡುಕಿದ್ದು ಅವಳೇ. ವಿಮಾನ ತಪ್ಪದು, ಆದರೆ ಗಾಳಿಯಲ್ಲಿರುವ ಹೊತ್ತನ್ನು ಕಡಿಮೆ ಮಾಡಬಹುದಲ್ಲ! ಮುಂಬಯಿವರೆಗೆ ರೈಲು, ಅಲ್ಲಿಂದ ಮಸ್ಕತ್‌ಗೆ ಸುಮಾರು ಮೂರು ತಾಸು. ಹುಬ್ಬಳ್ಳಿಯಿಂದ ಒಂದು, ಮುಂಬಯಿಯಿಂದ ಇನ್ನೊಂದು ಎಂದು ಎರಡು ಸಲ ಏರಿಳಿಯುವ ಟಿಕೆಟ್ ಬಿಟ್ಟುಬಿಟ್ಟರು. ಬೀಳ್ಕೊಡಲು ನಾನೂ ನಮ್ಮ ಮನೆಯವರೂ ಜೊತೆಗೆ ಹೊರಟೆವು.

ಬೆಳಿಗ್ಗೆ ಇಳಕಲ್‌ನಲ್ಲಿ ಹಜರತ್ ಮುರ್ತುಜಾ ಖಾದ್ರಿಯವರ ದರ್ಗಾದ ಬೀದಿಯಿಂದ ಗಾಡಿ ಹೊರಟಾಗ ಓಣಿಯ ಮಗ್ಗಗಳು ಆಗಲೇ ಸದ್ದು ಮಾಡುತ್ತಿದ್ದವು. ಅತ್ತೆ, ಅಂದರೆ ಆತನ ತಾಯಿ, ಬಾಗಿಲಲ್ಲೇ ನಿಂತಿದ್ದರು. ಒಬ್ಬನೇ ಮಗ. ಕೈಯಿಂದ ಒಂದು ಇಳಕಲ್ ಸೀರೆಯನ್ನು ಸೊಸೆಯ ಚೀಲಕ್ಕೆ ತುರುಕಿದರು. ನಮ್ಮ ಸೀರೆಯ ವಿಶೇಷ ಓದುಗರಿಗೆ ಗೊತ್ತಿರಲಿಕ್ಕಿಲ್ಲ: ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಿ ನೇಯುತ್ತಾರೆ. ಹಾಸು ಹೂಡಿ ಎಳೆ ಕೂಡಿಸುವ ಕೆಲಸದಲ್ಲಿ ಮನೆಯ ಹೆಂಗಸರ ಬೆರಳುಗಳೇ ಹೆಚ್ಚು ದುಡಿಯುತ್ತವೆ. ಆದರೂ ನೇಕಾರ ಎಂದೊಡನೆ ಜನ ನೆನೆಯುವುದು ಗಂಡಸನ್ನೇ!

ಹುನಗುಂದದಲ್ಲಿ ಖಾಲಾ ಮನೆಯಲ್ಲಿ ಚಹಾ, ಅಮೀನಗಡದಲ್ಲಿ ಎರಡು ಕಿಲೋ ಕರದಂಟು. ಒಣಗಿಸಿದ ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿ ಮೊದಲೇ ಕಟ್ಟಾಗಿತ್ತು. ದಾರಿಯಲ್ಲಿ ಐಹೊಳೆ ಕಡೆ ಹೋಗುವ ಫಲಕ ಕಂಡಿತು. ಪ್ರವಾಸಿಗರು ಅಲ್ಲಿ ಗುಡಿಗಳನ್ನು ನೋಡಿ ಬರುತ್ತಾರೆ. ಆ ಊರಿನ ಹೆಸರು ಹೊತ್ತ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕರ ಕೂಟ ಸಾವಿರ ವರ್ಷದ ಹಿಂದೆ ಸಮುದ್ರ ದಾಟಿ ವ್ಯಾಪಾರ ಮಾಡುತ್ತಿತ್ತು. ಸುಮಾತ್ರಾ ದ್ವೀಪದ ಬರೂಸ್‌ನಲ್ಲಿ ಆ ಕೂಟದವರದೇ 1088ರ ಶಾಸನ ಸಿಕ್ಕಿದೆ. ಹುನಗುಂದದ ಸೀಮೆಯ ಹೆಸರು ಅಷ್ಟು ದೂರ ಹೋಗಿದ್ದನ್ನು ಹೇಳಿದಾಗ ಭಾವ ಮೊದಲ ಸಲ ಆಸಕ್ತಿಯಿಂದ ಕೇಳಿದ. “ಅವರೆಲ್ಲ ಹಡಗದಾಗ ಹೋದವರು ಬಿಡ್ರಿ” ಎಂದು ಮತ್ತೆ ಮುಖ ತಿರುಗಿಸಿದ.

ರೈಲು ಹತ್ತಿದ್ದು ಬಾದಾಮಿಯಲ್ಲಿ, ಅಲ್ಲಿ ಆತನ ಅಕ್ಕ ಇದ್ದಾರೆ. ಊಟದ ನಂತರ ಅಗಸ್ತ್ಯ ತೀರ್ಥದ ದಂಡೆಗೆ ಹೋದೆವು. ಕೆಂಪು ಬಂಡೆಗಳ ನಡುವೆ ಒಂದು ಕಡೆ ಚಾಲುಕ್ಯರ ಗುಹೆಗಳು, ಹೊಂಡದ ಹತ್ತಿರವೇ ಮಲಿಕ್ ಅಬ್ದುಲ್ ಅಜೀಜರ ದರ್ಗಾ. ಮೂರನೆಯ ಗುಹೆಯ ಶಾಸನ ಕ್ರಿ.ಶ. 578ರದು, ಅಂದರೆ ಪ್ರವಾದಿ(ಸ)ರು ಮಕ್ಕಾದಲ್ಲಿ ಇನ್ನೂ ಬಾಲಕರಾಗಿದ್ದಾಗಿನದು. ಮಂಗಗಳು ತಂಗಿಯ ಕೈಯಿಂದ ಕರದಂಟಿನ ಒಂದು ಪೊಟ್ಟಣ ಕಸಿದವು.

ಬಾಗಲಕೋಟೆ ನಿಲ್ದಾಣದಲ್ಲಿ ರೈಲು ನಿಂತ ಸ್ವಲ್ಪ ಹೊತ್ತಿನಲ್ಲೇ ಮಾಮಾ ಬುತ್ತಿ ಹಿಡಿದು ಓಡಿ ಬಂದರು. ಅವರು ಹಳೆ ಬಾಗಲಕೋಟೆಯವರು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹುಟ್ಟಿದ ಮನೆ ಬಿಟ್ಟುಕೊಟ್ಟು ನವನಗರದ ಸೆಕ್ಟರ್ ನಂಬರ್‌ನಲ್ಲಿ ಬಾಳುತ್ತಿರುವವರು. ಕಿಟಕಿಯಿಂದ ಆತನ ಕೈ ಹಿಡಿದು ಹೇಳಿದರು: “ನೋಡಪಾ, ನೀ ಹೋದರೂ ನಿನ್ನ ಊರು ಇಲ್ಲೇ ಇರ್ತದ. ನಾವು ಎಲ್ಲೂ ಹೋಗಲಿಲ್ಲ, ನಮ್ಮ ಊರೇ ಹೋತು.” ಮುಂದೆ ಕೃಷ್ಣೆಯ ಸೇತುವೆ ಬಂದಾಗ ಕತ್ತಲಾಗುತ್ತಿತ್ತು. ಅಗಲವಾದ ನೀರನ್ನು ಆತ ನೋಡುತ್ತಲೇ ಇದ್ದ. ಆ ಮೇಲೆ ಬರ್ತಿನಲ್ಲೇ ಕೂತು ಮಗ್ರಿಬ್ ಮತ್ತು ಕಸ್ರ್ ಮಾಡಿ ಇಶಾ ಮುಗಿಸಿದೆವು.

ಬೆಳಿಗ್ಗೆ ಮುಂಬಯಿಯಲ್ಲಿ ಸಾಮಾನು ಇಟ್ಟು ಕ್ರಾಫರ್ಡ್ ಮಾರ್ಕೆಟ್ ಬಳಿಯ ಸಾಬೂ ಸಿದ್ದೀಕ್ ಮುಸಾಫಿರ್‌ಖಾನಾ ಮುಂದೆ ಹಾದೆವು. ಹಡಗಿಗಾಗಿ ಹಾಜಿಗಳು ದಿನಗಟ್ಟಲೆ ಕಾಯುತ್ತಿದ್ದ ಜಾಗ. ರೈಲಿನಲ್ಲಿ ಪರಿಚಯವಾದ ಡಾಕ್ಟರ್ ಹೆಣ್ಣುಮಗಳೊಬ್ಬಳು ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ, ಯಾರಿಗಾದರೂ ಉಪಯೋಗವಾದೀತು. ರೆಕ್ಕೆಯ ಹತ್ತಿರದ ಸೀಟಿನಲ್ಲಿ ಕುಲುಕಾಟ ಕಡಿಮೆ. ವಿಮಾನ ಅಲುಗಾಡುವುದು ಗಾಳಿಯ ಏರಿಳಿತದಿಂದ, ಬೀಳುತ್ತಿರುವುದರಿಂದಲ್ಲ. ಪಟ್ಟಿ ಬಿಗಿದಿರಬೇಕು, ಅಷ್ಟೇ. ಉಸಿರನ್ನು ಒಳಗೆಳೆದದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಬೇಕು. ಕಿವಿ ಕಟ್ಟಿದರೆ ಏನಾದರೂ ಅಗಿಯಬೇಕು. ಡಾಕ್ಟರನ್ನು ಕೇಳದೆ ನಿದ್ದೆಯ ಗುಳಿಗೆ ನುಂಗಬಾರದು. ಭಾವ ಇದನ್ನೆಲ್ಲ ಟಿಕೆಟಿನ ಹಿಂದೆ ಬರೆದುಕೊಂಡ, ಕೆಳಗೆ ಸಫರ್‌ನ ದುಆವನ್ನೂ. ಆ ದುಆ ಸೂರಃ ಝುಖ್ರುಫ್‌ನದು, ಅಲ್ಲಿ ಹಡಗಿನ ಪ್ರಸ್ತಾಪವೂ ಇದೆ ಎಂದೆ. ತಲೆಯಾಡಿಸಿದ.

ಗಾಜಿನ ಬಾಗಿಲಿನ ಆಚೆ ಅವರು ಹೋದರು. ಆತನ ಅಂಗಿ ಬೆನ್ನಿಗೆ ಅಂಟುವಷ್ಟು ಬೆವೆತಿತ್ತು. ಒಮ್ಮೆ ನಿಂತ. ತಂಗಿ ಏನೋ ಹೇಳಿದಳು, ಮತ್ತೆ ನಡೆದ.

ರಾತ್ರಿ ಮಸ್ಕತ್‌ನಿಂದ ಫೋನ್ ಬಂತು, ಅಲ್‌ಹಮ್ದುಲಿಲ್ಲಾಹ್. ಏರುವಾಗ ಆತ ತಂಗಿಯ ಕೈಯನ್ನು ಬಳೆ ಒಡೆಯುವಷ್ಟು ಹಿಡಿದಿದ್ದನಂತೆ. ಒಂದು ತಾಸಿನ ಮೇಲೆ ಹಿಡಿತ ಸಡಿಲವಾಯಿತಂತೆ. ಇಳಿಯುವಾಗ ಹೊಟ್ಟೆ ತೊಳಸಿ ವಾಂತಿ ಮಾಡಿದ್ದು ಮಾತ್ರ ನಮ್ಮ ಧೈರ್ಯವಂತೆ! ನಂತರ ಆತನೇ ಫೋನ್ ತೆಗೆದುಕೊಂಡ. “ಆಪಾ, ಅಮ್ಮಾಗ ಹೇಳ್ರಿ, ಮುಟ್ಟೇವಿ. ಹೆದರಿಕಿ ಹೋಗಿಲ್ಲರಿ, ಹಂಗ ಐತಿ. ಆದರ ಅಮ್ಮಾನ್ನ ಕರಕೊಂಡು ಹೋಗಾಕ ಬರೂಮುಂದ ನಾನ ಬರ್ತೀನಿ.”

ಮರುದಿನ ಅತ್ತೆಗೆ ಈ ಮಾತು ತಿಳಿಸಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ ಕೇಳಿದರು: “ಅಲ್ಲಿಗೆ ಹಡಗ ಇಲ್ಲೇನವಾ?”